ವಜೀಫಾದ ದಿನದ ಬರಿ ಹಣೆ

ಮೂರು ತಿಂಗಳಿಗೊಮ್ಮೆ, ವಜೀಫಾ, ಎಂದರೆ ಸರ್ಕಾರದ ಪಿಂಚಣಿ, ತರಲು ಕಲಬುರಗಿಗೆ ಹೋಗುವ ದಿನ, ನಮ್ಮ ಕಾಕಾ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಲಿಂಗಪೂಜೆ ಮುಗಿಸಿ, ಮೂರು ಬೆರಳಿನಿಂದ ಹಣೆಯ ತುಂಬ ವಿಭೂತಿ ಎಳೆದುಕೊಂಡ ಮೇಲೆಯೇ ಅವನು ಬಾಯಿಗೆ ನೀರು ಹಾಕುತ್ತಿದ್ದುದು. ಆ ದಿನ ಮಾತ್ರ ಎದೆಗೆ, ತೋಳಿಗೆ ಹಚ್ಚಿ ಹಣೆಯನ್ನು ಹಾಗೆಯೇ ಬಿಡುತ್ತಿದ್ದ. ಖಜಾನೆಯ ಗುಮಾಸ್ತ ಅವನ ಹಣೆಯ ಬಲಗಡೆ ಇರುವ ಗಾಯದ ಕಲೆಯನ್ನು ನೋಡಬೇಕಾಗಿತ್ತು. ಸರ್ಕಾರದ ಕಾಗದದಲ್ಲಿ ಅವನ ಗುರುತೆಂದು ಬರೆದದ್ದು ಆ ಕಲೆಯನ್ನು. ಅದು ಕಂಡರೆ ವಜೀಫಾ, ಕಾಣದಿದ್ದರೆ ಇಲ್ಲ.

ಆ ಕಲೆ ಹೇಗಾಯಿತೆಂದು ಬರೆಯಲು ಹಲವು ಸಲ ಕುಳಿತು ಎದ್ದಿದ್ದೇನೆ. ಆ ವರ್ಷದ ದಿನಚರಿ ನನ್ನ ಬಳಿಯೇ ಇದೆ. ಆದರೆ ಅದನ್ನು ಎಷ್ಟು ನಂಬಬೇಕೋ ತಿಳಿಯದು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ನೌಕರಿಯ ದಾರಿ ಕಾಯುತ್ತ ಕಮಲಾಪುರದ ಮನೆಯಲ್ಲಿ ಕುಳಿತಿದ್ದ ದಿನಗಳವು. ಗಾಳಿ ಮಳೆಯ ಸುದ್ದಿಯನ್ನೂ ನನ್ನ ಒಳ್ಳೊಳ್ಳೆಯ ವಿಚಾರಗಳನ್ನೂ ಅದರಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ನಾಚಿಕೆಪಡಬೇಕಾದ ದಿನಗಳ ಎದುರಿಗೆ ಒಂದೆರಡು ಸಾಲುಗಳಷ್ಟೇ ಇವೆ.

ಕಾಕಾ ನನ್ನ ತಂದೆಯ ತಮ್ಮ. ಕಮಲಾಪುರದ ಸರ್ಕಾರಿ ಕಚೇರಿಯಲ್ಲಿ ಚಪರಾಸಿ. ಊರೂರಿನ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿ ಬಸ್ತಾ ಮಾಡುವುದು, ಕೇಳಿದ ಬಸ್ತಾವನ್ನು ದಫ್ತರದ ಕೋಣೆಯಿಂದ ಸಾಹೇಬರ ಮೇಜಿಗೆ ಒಯ್ಯುವುದು, ಬಾಗಿಲಲ್ಲಿ ನಿಂತು ಬಂದವರ ಹೆಸರು ಕೂಗುವುದು ಅವನ ಕೆಲಸ. ಅವನಿಗೆ ಓದು ಬರಹ ಇರಲಿಲ್ಲ. ಒಂದೊಂದು ಊರಿನ ಬಸ್ತಾಕ್ಕೆ ಒಂದೊಂದು ಬಗೆಯ ಗಂಟು ಹಾಕುವ ಪದ್ಧತಿಯನ್ನು ತಾನೇ ಮಾಡಿಕೊಂಡಿದ್ದ. ಗಂಟು ಮುಟ್ಟಿ ನೋಡಿ ಇದು ಇಂಥ ಊರಿನದು ಎಂದು ಎತ್ತಿಕೊಡುತ್ತಿದ್ದ. ಕಚೇರಿಯವರು ಅದನ್ನು ಹೊಸಬರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಗಂಟುಗಳಿಂದಾಗಿಯೇ ಅವನ ಕಣ್ಣು ಹೋಗುತ್ತಿರುವುದು ನಾಲ್ಕೈದು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಕಣ್ಣಿಗೆ ಪೊರೆ ಬಂದಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ತಿಳಿಯಾಗಿ ಕಾಣುತ್ತಿದ್ದವು. ಎದುರಿಗೆ ನಿಂತವರ ಮುಖ ಅವನಿಗೆ ಕಾಣುತ್ತಿತ್ತು. ಅಕ್ಕಪಕ್ಕದ್ದು, ಕಾಲ ಕೆಳಗಿನದು ಕಾಣುತ್ತಿರಲಿಲ್ಲ. ಬೆಳಕು ಕಡಿಮೆಯಾದರೆ ಏನೂ ಇಲ್ಲ. ಒಲೆಯ ಮುಂದೆ ಕುಳಿತಾಗ ಒಮ್ಮೆ ಕಾಕಿಯ ಕೈಯಿಂದ ಊದುಗೊಳವೆ ತೆಗೆದುಕೊಂಡು ನನ್ನ ಕಣ್ಣಿಗೆ ಹಿಡಿದು, ತನಗೆ ಲೋಕ ಇಷ್ಟೇ ಕಾಣುತ್ತದೆ ಎಂದು ತೋರಿಸಿದ್ದ. ಆಗ ನಾವು ಮೂವರೂ ನಕ್ಕಿದ್ದೆವೆಂದು ನೆನಪು.

ಹೊಸದಾಗಿ ಬಂದ ಸಾಹೇಬರು ತಮ್ಮ ಕೋಣೆಯಲ್ಲಿ ಮೇಜನ್ನು ಕಿಟಕಿಯ ಕಡೆಗೆ ಸರಿಸಿದ ದಿನ ಗುಟ್ಟು ಬಯಲಾಯಿತು. ಎಷ್ಟೋ ವರ್ಷ ನಡೆದ ಹೆಜ್ಜೆಯ ಅಂದಾಜಿನಲ್ಲೇ ಕಾಕಾ ಬಸ್ತಾ ಹೊತ್ತು ಒಳಗೆ ಹೋದ. ಮೇಜಿನ ಮೂಲೆಗೆ ತೊಡೆ ಬಡಿದು ಮಸಿಯ ದೌತಿ ಉರುಳಿ, ಬರೆದಿಟ್ಟ ಕಾಗದಗಳೆಲ್ಲ ಹಾಳಾದವು. ಸಾಹೇಬರು ಬೈಯಲಿಲ್ಲವಂತೆ. ಸಂಜೆ ಒಂದು ಹುಕುಂ ಕೊಟ್ಟು ಕಳಿಸಿದರು. ಉರ್ದು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಅಡ್ಡಪಡಸಾಲೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿದೆ: ಈ ಮನುಷ್ಯ ನೌಕರಿಗೆ ನಾಲಾಯಕ್ಕೆಂದು ಸರ್ಕಾರಿ ಡಾಕ್ಟರರು ಬರೆದುಕೊಟ್ಟರೆ ವಜೀಫಾದ ಮೇಲೆ ಬಿಡುವುದು, ತಿಂಗಳೊಳಗೆ ಅಂಥ ಕಾಗದ ಬಾರದಿದ್ದರೆ ಬೇಜವಾಬ್ದಾರಿಯ ತಪ್ಪಿಗಾಗಿ ಬರ್ತರಫ್ ಮಾಡುವುದು.

ಬರ್ತರಫ್ ಆದವನಿಗೆ, ಎಂದರೆ ಕೆಲಸದಿಂದ ತೆಗೆದುಹಾಕಿದವನಿಗೆ, ಎಷ್ಟು ವರ್ಷ ದುಡಿದಿದ್ದರೂ ವಜೀಫಾ ಇರಲಿಲ್ಲ. ಅದನ್ನು ನನಗೆ ಬಿಡಿಸಿ ಹೇಳಿದವನು ಕಚೇರಿಯ ಹೊರಗೆ ಬೇವಿನ ಗಿಡದ ಬುಡದಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದ ಅರ್ಜಿ ಬರೆಯುವವನು. ಹಲ್ಲಿಲ್ಲದ, ಎಲೆ ಅಡಿಕೆ ಕುಟ್ಟಿ ತಿನ್ನುವ ಮುದುಕ. ಕಾಕಾನಿಗೆ ವಯಸ್ಸಾಗಿದೆಯಲ್ಲ, ಮುಪ್ಪಿನ ವಜೀಫಾವನ್ನೇ ಕೇಳಬಾರದೇಕೆ ಎಂದು ನಾನು ಕೇಳಿದೆ. ಅವನು ಕಾಕಾನ ನೌಕರಿಯ ಕಾಗದದ ನಕಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕ.

“ಸರ್ಕಾರದ ಪ್ರಕಾರ ನಿಮ್ಮ ಕಾಕಾ ಇನ್ನೂ ಹರೇದಾಂವ ಅದಾನ್ರೀ. ಇನ್ನಾ ಎಂಟ ವರ್ಷ ನೌಕರಿ ಮಾಡಬೇಕು. ಎಲ್ಲರೆ ಹೆಣ್ಣ ಇದ್ರ ನೋಡ್ರಿ, ಇನ್ನೊಂದ ಲಗ್ನಾ ಮಾಡಮು.”

ನೌಕರಿಗೆ ಸೇರಿಸುವಾಗ ನಮ್ಮಜ್ಜ ವಯಸ್ಸನ್ನು ಕಡಿಮೆ ಬರೆಸಿದ್ದ. ಆಗ ಎಲ್ಲರೂ ಹಾಗೆಯೇ ಬರೆಸುತ್ತಿದ್ದರು. ಎಷ್ಟು ಸಣ್ಣವನಾದರೆ ಅಷ್ಟು ಹೆಚ್ಚು ವರ್ಷ ಸರ್ಕಾರದ ಅನ್ನ ಎಂಬ ಯೋಚನೆ. ಹೀಗೆ ಮುಪ್ಪಿನ ದಾರಿ ಮುಚ್ಚಿತ್ತು. ದೇಹ ಕೆಟ್ಟಿತೆಂಬ ದಾರಿಯೊಂದೇ ಉಳಿದದ್ದು. ಅದರಲ್ಲಿ ದುಡಿದ ವರ್ಷಗಳಿಗೆ ತಕ್ಕಷ್ಟು ಸಿಗುತ್ತದೆ, ಆದರೆ ಡಾಕ್ಟರರ ಬರಹವೇ ಅದಕ್ಕೆ ಆಧಾರ ಎಂದು ಮುದುಕ ಹೇಳಿದ. ನಾನೇ ಅರ್ಜಿ ಬರೆಯುತ್ತೇನೆಂದೆ. ವಜೀಫಾ ನೌಕರನ ಹಕ್ಕು ಎಂದು ಮೊದಲ ಸಾಲಿನಲ್ಲೇ ಬರೆದೆ. ಅವನು ಅದರ ಮೇಲೆ ಬೆರಳಿಟ್ಟ.

“ಹಕ್ಕಂತ ಬರೀಬ್ಯಾಡ್ರೀ. ಮೆಹರ್ಬಾನಿ ಅಂತ ಬರೀರಿ. ನಿಮ್ಮ ಬಿ.ಎ. ನಿಮ್ಮ ಕಿಸೇದಾಗ ಇರಲಿ.”

ನಾನು ಹಕ್ಕು ಎಂದೇ ಉಳಿಸಿದೆನೆಂದು ದಿನಚರಿ ಹೇಳುತ್ತದೆ. ಆ ಅರ್ಜಿಯ ನಕಲು ಈಗಲೂ ಇದೆ, ಅದರಲ್ಲಿ ಮೆಹರ್ಬಾನಿ ಎಂದಿದೆ. ಅಕ್ಷರ ನನ್ನದೇ.

ಕಾಕಾ ಕಾಕಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲಿ ಅವರಿಬ್ಬರ ಊಟಕ್ಕೇನೂ ಕೊರತೆ ಬರುತ್ತಿರಲಿಲ್ಲ, ತಂದೆ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. ಆದರೆ ಕಾಕಾ ಕೇಳುವವನಲ್ಲ. ಅಣ್ಣನ ಮನೆಯಲ್ಲಿ ಕುಳಿತು ಉಣ್ಣುವ ದಿನ ಬಂದರೆ ಒಪ್ಪತ್ತು ಮಾತ್ರ ಉಣ್ಣುತ್ತೇನೆಂದು ಕಾಕಿಯ ಹತ್ತಿರ ಹೇಳಿದ್ದನಂತೆ. ಅವನು ಹೇಳಿದರೆ ಹಾಗೆಯೇ ಮಾಡುವವನು ಎಂಬುದು ಅವಳಿಗೆ ಗೊತ್ತಿತ್ತು. ಆ ತಿಂಗಳೆಲ್ಲ ಅವಳು ಡಾಕ್ಟರರು ಏನು ಬರೆದಾರು ಎಂದು ನನ್ನನ್ನು ದಿನಕ್ಕೆರಡು ಸಲ ಕೇಳುತ್ತಿದ್ದಳು. ನಾನು ದೊಡ್ಡವನ ಹಾಗೆ, ಚಿಂತೆ ಮಾಡಬೇಡ ಎನ್ನುತ್ತಿದ್ದೆ.

ಗಾಡಿ ಕಟ್ಟಿಕೊಂಡು ಕಲಬುರಗಿಗೆ ಹೋದೆವು. ಗಾಜಿಪುರದಲ್ಲಿ ನನ್ನ ತಾಯಿಯ ಕಡೆಯವರ ಮನೆಯಲ್ಲಿ ಇಳಿದುಕೊಂಡೆವು. ಅಂದೇ ಸಂಜೆ ನಾನು ಕಾಕಾನನ್ನು ದವಾಖಾನೆಗೆ ಕರೆದೊಯ್ದು ಜಾಗ ತೋರಿಸಿ ಕರೆತಂದೆ. ಬಾಗಿಲು ಇಲ್ಲಿ, ಹೊಸ್ತಿಲು ಇಷ್ಟು ಎತ್ತರ, ಹನ್ನೊಂದು ಹೆಜ್ಜೆಯಾದ ಮೇಲೆ ಡಾಕ್ಟರರ ಮೇಜು. ಹೀಗೆ ಮಾಡಲು ಹೇಳಿದವರು ಯಾರು? ಕಾಕಾ ತಾನೇ ಹಟ ಹಿಡಿದ ಎಂದು ನನ್ನ ತಂದೆ ಕೊನೆಯವರೆಗೂ ಹೇಳುತ್ತಿದ್ದ. ಆದರೆ ತಂದೆ ನಮ್ಮ ಜೊತೆ ಬಂದಿರಲಿಲ್ಲ. ನನಗೆ ನೆನಪಿರುವುದು ಕಾಕಾನ ಮೊಳಕೈ ಹಿಡಿದ ನನ್ನ ಕೈ, ಹೆಜ್ಜೆ ಎಣಿಸುತ್ತಿರುವ ನನ್ನ ದನಿ. ದೊಡ್ಡ ಊರಿನ ಡಾಕ್ಟರರ ಮುಂದೆ ಕಾಕಾ ತಡವರಿಸಬಾರದು, ನಮ್ಮ ಮನೆಯವರು ಹಳ್ಳಿಯವರೆನಿಸಬಾರದು ಎಂದು ನನಗೇ ಅನಿಸಿರಬೇಕು.

ಮರುದಿನ ಕಾಕಾ ಸಿಂಗರಿಸಿಕೊಂಡ. ಸಾಹೇಬರ ಮುಂದೆ ಹೋಗುವಾಗ ಸರ್ಕಾರದ ನೌಕರ ತಲೆಗೆ ದಸ್ತಾರ್ ಎಂಬ ರುಮಾಲು ಇಟ್ಟು, ಸೊಂಟಕ್ಕೆ ಬಿಲ್ಲೆಯ ಪಟ್ಟಿ ಬಿಗಿಯಬೇಕು. ಹಾಗಿಲ್ಲದೆ ಹೋಗುವುದು ಅವನ ಪಾಲಿಗೆ ಬತ್ತಲೆ ಹೋದ ಹಾಗೆ. ಡಾಕ್ಟರರಿಗೆಂದು ಕಾಕಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಯೊಂದನ್ನು ಗಾಡಿಗೆ ಹಾಕಿಸಿದ್ದಳು. ನಾನು ಹೊರುತ್ತೇನೆಂದರೆ ಕಾಕಾ ಬಿಡಲಿಲ್ಲ. ಕೊಡುವವನೇ ಹೊತ್ತು ತಂದು ಕೊಡಬೇಕು, ಇಲ್ಲದಿದ್ದರೆ ಅದು ಕೊಟ್ಟ ಹಾಗಲ್ಲ ಎಂದ. ಹೀಗೆ ನೌಕರಿಗೆ ನಾಲಾಯಕ್ಕೆಂದು ಬರೆಸಿಕೊಳ್ಳಲು ಬಂದವನು ಇಡೀ ಗೊನೆಯನ್ನು ಹೆಗಲ ಮೇಲೆ ಹೊತ್ತು, ಹೊಸ್ತಿಲಲ್ಲಿ ಸರಿಯಾಗಿ ಕಾಲೆತ್ತಿಟ್ಟು, ಹನ್ನೊಂದು ಹೆಜ್ಜೆ ನೇರವಾಗಿ ನಡೆದು, ಗೊನೆ ಇಳಿಸಿ, ಬಗ್ಗಿ ಸಲಾಮು ಮಾಡಿದ.

ಡಾಕ್ಟರರು ಸಣ್ಣ ವಯಸ್ಸಿನವರು, ಗಡಿಬಿಡಿಯಲ್ಲಿದ್ದರು. ಹೇಗಿದ್ದೀರಿ ಎಂದು ಉರ್ದುವಿನಲ್ಲಿ ಕೇಳಿದರು.

“ಹುಜೂರ ಮೆಹರ್ಬಾನಿಯಿಂದ ಎಲ್ಲಾ ಛಲೋ ಅದರೀ,” ಎಂದ ಕಾಕಾ.

ಡಾಕ್ಟರರು ಮುಖದ ಎದುರಿಗೆ ಬೆರಳು ಹಿಡಿದರು. ಎರಡು ಎಂದ, ಎರಡೇ ಇದ್ದವು. ನಾಲ್ಕು ಎಂದ, ನಾಲ್ಕೇ ಇದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ಸಾಹೇಬರೇ, ಬೆರಳನ್ನು ಪಕ್ಕಕ್ಕೆ ಹಿಡಿದು ಕೇಳಿ ಎಂದು ಹೇಳಬಹುದಿತ್ತು. ಉರ್ದು ನನಗೆ ಬರುತ್ತಿತ್ತು, ಊದುಗೊಳವೆಯ ಸಂಗತಿಯೂ ಗೊತ್ತಿತ್ತು. ಕರೆಯದೆ ಮಾತಾಡುವುದು ಅದಬ್, ಎಂದರೆ ಮರ್ಯಾದೆ, ಅಲ್ಲವೆಂದು ಸುಮ್ಮನಿದ್ದೆನೆಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಮೊಹರು ಹಾಕಿದ ಲಕೋಟೆ ಹಿಡಿದು ಮರಳಿದೆವು. ಡಾಕ್ಟರರು ಬಾಳೆಹಣ್ಣನ್ನು ಮೆಚ್ಚಿಕೊಂಡರೆಂದು ಕಾಕಾ ದಾರಿಯುದ್ದಕ್ಕೂ ಖುಷಿಯಲ್ಲಿದ್ದ. ಕಚೇರಿಯಲ್ಲಿ ಪೇಶಕಾರರು, ಸಾಹೇಬರ ಕಾಗದಪತ್ರ ನೋಡುವವರು, ಲಕೋಟೆ ಒಡೆದು ಓದಿದರು. ದೇಹ ಗಟ್ಟಿ, ದೃಷ್ಟಿ ಸಾಕಷ್ಟಿದೆ, ನೌಕರಿಗೆ ಲಾಯಕ್ಕು. ಅವರು ಕಾಕಾನ ಜೊತೆ ಬಹಳ ವರ್ಷ ಕೆಲಸ ಮಾಡಿದವರು. ಕಾಗದವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅವನನ್ನೇ ನೋಡಿದರು.

“ಏ ಮಾರಾಯಾ, ಕಣ್ಣಿಲ್ಲಂತ ಬರಸ್ಕೊಂಡು ಬಾ ಅಂತ ಕಳಿಸಿದ್ರ ಪೈಲ್ವಾನ ಅಂತ ಬರಸ್ಕೊಂಡು ಬಂದಿಯಲ್ಲೋ.”

ಸಾಹೇಬರಿಗೆ ಹೇಳಿ ಇನ್ನೊಂದು ಸಲ ಪರೀಕ್ಷೆಗೆ ಬರೆಸಿಕೊಟ್ಟವರೂ ಅವರೇ. ಇದು ಕೊನೆಯದು ಎಂದೂ ಹೇಳಿದರು. ತಿಂಗಳು ಮುಗಿಯಲು ಆರೇಳು ದಿನ ಉಳಿದಿತ್ತು.

ಆ ಸಂಜೆ ನಾನು ಕಾಕಾನ ಮೇಲೆ ರೇಗಿದೆ. ಛಲೋ ಅದರೀ ಎಂದು ಯಾಕೆ ಹೇಳಿದೆ ಎಂದೆ. ಅವನಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಲಿಲ್ಲ.

“ಸಾಹೇಬ್ರು ಹ್ಯಾಂಗಿದ್ದಿ ಅಂತ ಕೇಳಿದ್ರ ಮತ್ತೇನಂತ ಹೇಳಬೇಕೋ ತಮ್ಮಾ? ಇಷ್ಟ ವರ್ಷದಾಗ ಛಲೋ ಇಲ್ರೀ ಅಂತ ಒಮ್ಮಿನೂ ಅಂದಿಲ್ಲ ನಾ.”

“ಈ ಸಲ ಅನ್ನು. ಎಡವಿ ತೋರಸು. ಕೈ ಮುಂದ ಮಾಡಿ ತಡಕ್ಯಾಡಕೋತ ಹೋಗು.”

“ನಾಟಕ ಮಾಡಂತೀಯೇನು?”

“ಕಾಣಂಗಿಲ್ಲಲ್ಲ ಕಾಕಾ, ಖರೇನೇ ಕಾಣಂಗಿಲ್ಲಲ್ಲ ನಿನಗ.”

ಅವನು ಮಡಚಿಟ್ಟ ದಸ್ತಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ತೀಡುತ್ತಿದ್ದ.

“ಖರೇ ಇದ್ದದ್ದನ್ನ ಸುಳ್ಳ ಮಾಡಿ ತೋರಸ್ಲೇನು?” ಎಂದ. ಅಷ್ಟೇ.

ಎರಡನೆಯ ಸಲ ಹೋದಾಗ ಕೋಲು ಹಿಡಿ ಎಂದೆ, ಹಿಡಿಯಲಿಲ್ಲ. ದಸ್ತಾರ್ ಬೇಡ ಎಂದೆ, ಇಟ್ಟುಕೊಂಡ. ಬಾಳೆಹಣ್ಣು ಮಾತ್ರ ಇರಲಿಲ್ಲ. ಡಾಕ್ಟರರು ಅವರೇ. ಕಾಗದಗಳನ್ನು ಮೇಜಿನ ಮೇಲಿಡಲು ನಾನು ಮೊದಲು ಒಳಗೆ ಹೋದೆ. ರೋಗಿಗಳು ಕೂರುವ ಮೂರು ಕಾಲಿನ ತಿಪಾಯಿಯೊಂದು ಆ ಕೋಣೆಯಲ್ಲಿತ್ತು. ಮೊದಲ ಸಲ ಬಂದಾಗ ಅದು ಗೋಡೆಯ ಪಕ್ಕಕ್ಕಿತ್ತು. ಕಾಕಾ ಹೊಸ್ತಿಲು ದಾಟಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಲಿತ ಹೆಜ್ಜೆಗಳನ್ನು ಹಾಕುತ್ತ ಬರುವಾಗ ಅದು ದಾರಿಯ ನಡುವೆ ಇತ್ತು. ಅವನು ಅದಕ್ಕೆ ಎಡವಿ ಮುಂದಕ್ಕೆ ಬಿದ್ದ. ಹಣೆ ಮೇಜಿನ ಅಂಚಿಗೆ ಬಡಿಯಿತು.

ಅಂದಿನ ದಿನಚರಿ ಪೂರ್ತಿ ಇಷ್ಟು: “ತಿಪಾಯಿ ದಾರಿಯಲ್ಲಿತ್ತು. ಕಾಕಾ ಬಿದ್ದ. ಕೆಲಸ ಆಯಿತು.”

ನಮಗಿಂತ ಮುಂಚೆ ಬಂದುಹೋದ ರೋಗಿ ಅದನ್ನು ಅಲ್ಲಿಯೇ ಬಿಟ್ಟಿರಬಹುದು. ನಾನು ಒಳಗೆ ಹೋಗುವಾಗ ನನ್ನ ಕಾಲು ತಗುಲಿ ಸರಿದಿರಬಹುದು. ಎಷ್ಟೋ ವರ್ಷ ಈ ಎರಡರಲ್ಲಿ ಒಂದನ್ನು ನಂಬಿಕೊಂಡು ಬಂದೆ. ಆದರೆ ಆ ತಿಪಾಯಿಯ ಹಲಗೆಯ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದ್ದು ನನ್ನ ಬೆರಳಿಗೆ ನೆನಪಿದೆ. ಹಿಡಿಯದೆ ಅದು ಹೇಗೆ ಗೊತ್ತಾಯಿತು? ಡಾಕ್ಟರರು ಗಾಯಕ್ಕೆ ಹೊಲಿಗೆ ಹಾಕುವಷ್ಟು ಹೊತ್ತು ನಾನು ಅದೇ ತಿಪಾಯಿಯ ಮೇಲೆ ಕುಳಿತಿದ್ದೆ, ಆಗ ಕೈಗೆ ತಗುಲಿರಲೂಬಹುದು. ಮೇಜು ಸರಿಸಿದ್ದಕ್ಕೆ ಅವನು ಕಚೇರಿಯಲ್ಲಿ ಎಡವಿದನೆಂಬುದು ನನಗೆ ತಿಳಿದಿತ್ತು. ಬಿದ್ದರೆ ಮಾತ್ರ ಡಾಕ್ಟರರು ನಂಬಿಯಾರು ಎಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ಇಷ್ಟು ಖಚಿತ. ಇದಕ್ಕಿಂತ ಮುಂದೆ ನನ್ನ ನೆನಪು ಯಾವ ಕಡೆ ಬೇಕೋ ಆ ಕಡೆ ವಾಲುತ್ತದೆ.

ಬಿದ್ದ ಕಾಕಾ ಅಯ್ಯೋ ಎನ್ನಲಿಲ್ಲ. ಸಾಹೇಬರ ಮುಂದೆ ತಲೆ ಬರಿದಾಯಿತೆಂದು, ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಮೊಣಕಾಲ ಮೇಲೆ ಕುಳಿತು ದಸ್ತಾರಕ್ಕಾಗಿ ನೆಲವನ್ನು ತಡಕತೊಡಗಿದ. ಅದು ಅವನ ಎಡಕ್ಕೆ ಗೇಣುದ್ದದಲ್ಲಿ ಬಿದ್ದಿತ್ತು. ಅವನ ಕೈ ಅದರ ಆಚೆಗೂ ಈಚೆಗೂ ಹೋಗಿ ಬಂತು. ಡಾಕ್ಟರರು ಎದ್ದು ನಿಂತು ಆ ಕೈಯನ್ನು ನೋಡಿದರು. ನಾನು ದಸ್ತಾರ ಎತ್ತಿಕೊಡಲು ಹೋದಾಗ ನನ್ನನ್ನು ತಡೆದು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಬಗ್ಗಿ ಅದನ್ನು ಎತ್ತಿ ಅವನ ಕೈಗಿಟ್ಟರು. ಹೊಲಿಗೆ ಹಾಕಿದ ಮೇಲೆ ಕಿಟಕಿ ಮುಚ್ಚಿಸಿ, ಕಂದೀಲು ತರಿಸಿ, ಅದನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಆಡಿಸಿ ಪರೀಕ್ಷೆ ಮಾಡಿದರು. ಮೊದಲ ಸಲ ಇದನ್ನು ನೋಡದೆ ಬರೆದದ್ದು ತಮ್ಮ ತಪ್ಪು ಎಂದು ನನಗೆ ಹೇಳಿದರು. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡಿರಬಹುದು.

ವಜೀಫಾ ಮಂಜೂರಾಯಿತು. ಖಜಾನೆಯಲ್ಲಿ ಅವನ ಹುಲಿಯಾ, ಎಂದರೆ ಚಹರೆಯ ಗುರುತು ಬರೆದುಕೊಳ್ಳುವಾಗ ಗುಮಾಸ್ತ ಮುಖ ತಿರುಗಿಸಿ ತಿರುಗಿಸಿ ನೋಡಿದ. ಕಿವಿಯ ಹಿಂದೆ ಹುಟ್ಟಿನಿಂದ ಬಂದ ಮಚ್ಚೆಯೊಂದಿದೆ ಎಂದು ನಾನು ತೋರಿಸಿದೆ. ಅಷ್ಟು ಸಣ್ಣದು ಯಾರಿಗೆ ಕಾಣಬೇಕು ಎಂದು ಅವನು, ಆಗಷ್ಟೇ ಮಾಯ್ದಿದ್ದ ಹಣೆಯ ಗಾಯವನ್ನು ಬರೆದುಕೊಂಡ. ಮಚ್ಚೆಯನ್ನೇ ಬರೆದುಕೊಳ್ಳಿ ಎಂದು ನಾನು ಎರಡನೆಯ ಸಲವೂ ಕೇಳಿಕೊಂಡೆ. ಯಾಕೆ ಎಂದು ಕೇಳಿದ.

ಮೊದಲ ಸಲ ವಜೀಫಾ ತರಲು ಹೋದಾಗ ವಿಭೂತಿಯಡಿ ಕಲೆ ಕಾಣದೆ, ಒರೆಸಿಕೊಂಡು ಬಾ ಎಂದು ಗುಮಾಸ್ತ ಎಲ್ಲರ ಎದುರಿಗೆ ಹೇಳಿದ. ಕಾಕಾ ಧೋತರದ ಚುಂಗಿನಿಂದ ಹಣೆ ಒರೆಸಿಕೊಂಡ. ಅಂದಿನಿಂದ ಹೊರಡುವ ದಿನ ಮನೆಯಲ್ಲೇ ಹಣೆ ಬರಿದಾಗಿ ಬಿಡತೊಡಗಿದ. ಹಚ್ಚಿದ್ದನ್ನು ಅಳಿಸುವುದಕ್ಕಿಂತ ಹಚ್ಚದಿರುವುದು ಮೇಲು ಎಂಬುದು ಅವನ ವಿಚಾರ. ಕಾಕಿ ಆ ಬೆಳಿಗ್ಗೆ ಅವನ ಮುಖ ನೋಡುತ್ತಿರಲಿಲ್ಲ. ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಆದರೂ ಎರಡು ಹೊತ್ತೂ ಅವಳು ಬಡಿಸಿದ್ದನ್ನು ಕಾಕಾ ಉಣ್ಣುತ್ತಿದ್ದ. ನಾನು ಎಷ್ಟೋ ಸಲ ಅದನ್ನೇ ನೆನೆದು ಸಮಾಧಾನ ಹೇಳಿಕೊಂಡಿದ್ದೇನೆ.

ಒಂದು ಸಲ ವಜೀಫಾ ತೆಗೆದುಕೊಂಡು ಮರಳುತ್ತಿದ್ದೆವು. ಗಾಡಿ ಕಪನೂರ ದಾಟಿತ್ತು. ಕಾಕಾ ಇದ್ದಕ್ಕಿದ್ದಂತೆ ಕೇಳಿದ:

“ಆ ತಿಪಾಯಿ ಇತ್ತಲ್ಲೋ ತಮ್ಮಾ, ಅದು ಕಟ್ಟಿಗೀದೇನು, ಕಬ್ಬಿಣದ್ದೇನು?”

“ಕಟ್ಟಿಗೀದು.”

“ಭಾರ ಇತ್ತೇನು?”

ಇಲ್ಲ, ಹಗುರ ಇತ್ತು ಎಂದೆ. ಹೇಳಿದ ಮೇಲೆ, ಎತ್ತದವನಿಗೆ ಅದರ ಭಾರ ಹೇಗೆ ಗೊತ್ತು ಎಂದು ಹೊಳೆಯಿತು. ಅವನು ಹೂಂ ಎಂದು ತಲೆ ಆಡಿಸಿದ. ಮುಖ ಎತ್ತುಗಳ ಕಡೆಗಿತ್ತು. ಹೇಳಿಬಿಡಬೇಕೆಂದು ನನಗೆ ಎರಡು ಸಲ ಅನಿಸಿತು. ಹೇಳುವುದಾದರೂ ಏನನ್ನು? ಸರಿಸಿದೆ ಎಂದರೆ ಅದು ಸುಳ್ಳಾಗಬಹುದಿತ್ತು, ಇಲ್ಲವೆಂದರೂ ಸುಳ್ಳಾಗಬಹುದಿತ್ತು. ಹೀಗೆಂದು ಈಗ ಬರೆಯುತ್ತಿದ್ದೇನೆ. ಅಂದು ನಾನು ಸುಮ್ಮನಿದ್ದದ್ದು ಹೆದರಿಕೆಯಿಂದಲೇ ಇರಬೇಕು.

ಆಮೇಲೆ ಅವನು ನನ್ನ ಜೊತೆ ಬರಲಾರ, ಬೇರೆ ಯಾರನ್ನಾದರೂ ಕರೆದುಕೊಂಡು ಹೋದಾನು ಎಂದುಕೊಂಡಿದ್ದೆ. ಮೂರು ತಿಂಗಳು ಕಳೆಯಿತು. ಬೆಳಿಗ್ಗೆ ನಾನು ಹೊರಬಂದಾಗ ಕಾಕಾ ದಸ್ತಾರ್ ಇಟ್ಟುಕೊಂಡು, ಬರಿ ಹಣೆಯಲ್ಲಿ ಬಾಗಿಲ ಬಳಿ ನಿಂತಿದ್ದ. ನನ್ನ ಸಪ್ಪಳ ಕೇಳಿ ಎಂದಿನಂತೆ ಮೊಳಕೈಯನ್ನು ನನ್ನ ಕಡೆ ಚಾಚಿದ.

“ನಡಿ ತಮ್ಮಾ. ದಾರ್ಯಾಗ ಏನರೆ ಇದ್ರ ಹೇಳು.”